ಆಂಟಿಆಕ್ಸಿಡೆಂಟ್ ಕವರ್ ಹಾಕಿದರೂ ಅಗಸಿ ಚಟ್ನಿಪುಡಿ ಕಮಟು ಹೊಡೆಯುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಬೇಸಿಗೆಯಲ್ಲಿ ಧಾರವಾಡದ ಕಡೆಯ ಒಂದು ಸಣ್ಣ ಚಟ್ನಿಪುಡಿ ಘಟಕದಿಂದ ಫೋನ್ ಬಂತು. "ಸರ, ಹೊಸಾ ಕವರಿಗೆ ಜಾಸ್ತಿ ರೊಕ್ಕ ಕೊಟ್ಟೇವಿ. ಆರು ತಿಂಗಳ ತಡೀತೈತಿ ಅಂದಿದ್ರು. ಎರಡ ತಿಂಗಳಿಗೇ ಅಗಸಿ ಹಿಂಡಿ ವಾಸನಿ ಹೊಡಿಯಾಕತ್ತೈತಿ. ಕವರಿನವರಿಗೆ ಕೇಳಿದ್ರ ನಿಮ್ಮ ಮಾಲೇ ಸರಿ ಇಲ್ಲ ಅಂತಾರ." ಆ ಅಕ್ಕನ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ಅಂಗಡಿಗಳಿಂದ ವಾಪಸು ಬಂದ ಮಾಲು ಎರಡು ಚೀಲ ತುಂಬಿತ್ತು.

ಇಂಥ ದೂರು ಬಂದಾಗ ಕವರಿನವರು ಮಾಲನ್ನು ದೂರುತ್ತಾರೆ, ಮಾಲಿನವರು ಕವರನ್ನು ದೂರುತ್ತಾರೆ. ಇಬ್ಬರ ಕೈಯಲ್ಲೂ ಪುರಾವೆ ಇರುವುದಿಲ್ಲ. ದುಬಾರಿ ಯಂತ್ರ ಇಲ್ಲದೆ, ನಿಮ್ಮ ಘಟಕದಲ್ಲೇ, ತಪ್ಪು ಎಲ್ಲಿದೆ ಎಂದು ಹಂತ ಹಂತವಾಗಿ ಹುಡುಕುವುದನ್ನು ಇಲ್ಲಿ ಬರೆದಿದ್ದೇನೆ. ಅಗಸಿ ಪುಡಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಗುರೆಳ್ಳು, ಶೇಂಗಾ, ಚಕ್ಕುಲಿ, ಕೋಡುಬಳೆಗೂ ಇದೇ ದಾರಿ.

ಮೊದಲು ಕವರಿನ ಕೆಲಸ ಏನು ಅಂತ ತಿಳಿಯಿರಿ

ಎಣ್ಣೆ ಕಮಟುವುದು ಒಂದು ಸರಪಳಿ. ಗಾಳಿಯ ಆಮ್ಲಜನಕ ಎಣ್ಣೆಯ ಒಂದು ಕಣಕ್ಕೆ ತಗುಲುತ್ತದೆ, ಅದು ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಆಂಟಿಆಕ್ಸಿಡೆಂಟ್ ಈ ಸರಪಳಿಯ ನಡುವೆ ಕೈ ಹಾಕಿ ತಾನೇ ಖರ್ಚಾಗುತ್ತದೆ. ಕವರಿನ ಒಳಪದರದಲ್ಲಿ ವಿಟಮಿನ್ ಇ, ರೋಸ್‌ಮೆರಿ ಸಾರ, ಗ್ರೀನ್ ಟೀ ಸಾರ ಅಥವಾ ಬಿಎಚ್‌ಟಿ ಎಂಬ ರಾಸಾಯನಿಕ ಸೇರಿಸಿರುತ್ತಾರೆ. ಅದು ನಿಧಾನಕ್ಕೆ ಹೊರಬಂದು ಎಣ್ಣೆಯನ್ನು ಸೇರಬೇಕು. ಸೇರಿದರೆ ಮಾತ್ರ ಕೆಲಸ.

ಇದರಲ್ಲಿ ಎರಡು ಮಾತು ಅಡಗಿವೆ. ಈ ಕವರ್ ಆಮ್ಲಜನಕವನ್ನು ಹೀರುವುದಿಲ್ಲ. ಹೀರುವ ಪೊಟ್ಟಣ ಬೇರೆ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಇನ್ನೊಂದು, ಆಗಲೇ ಕೆಟ್ಟ ಎಣ್ಣೆಯನ್ನು ಯಾವ ಕವರೂ ಸರಿ ಮಾಡುವುದಿಲ್ಲ. ಕೆಡುವುದನ್ನು ಮುಂದೂಡಬಹುದು, ಅಷ್ಟೇ.

ಅಗಸಿ ಯಾಕೆ ಇಷ್ಟು ಬೇಗ ಕೆಡುತ್ತದೆ? ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಎಣ್ಣೆ ನೆನಪಿದೆಯಲ್ವಾ, ಅದು ಅಗಸಿ ಎಣ್ಣೆಯೇ. ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ ಅಂತಲೇ ಮರಕ್ಕೆ, ಪೇಂಟಿಗೆ ಬಳಸುತ್ತಾರೆ. ಅದರ ಅರ್ಧದಷ್ಟು ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಶೇಂಗಾ ಎಣ್ಣೆಯಲ್ಲಿ ಜಾಸ್ತಿ ಇರುವ ಒಲೀಕ್ ಆಮ್ಲಕ್ಕೆ ಹೋಲಿಸಿದರೆ ಇದು ಸುಮಾರು ಇಪ್ಪತ್ತು ಪಟ್ಟು ಬೇಗ ಆಮ್ಲಜನಕದ ಜೊತೆ ಸೇರುತ್ತದೆ. ಕಾಳಾಗಿದ್ದಾಗ ಸಿಪ್ಪೆ ಕಾಯುತ್ತದೆ. ಕುಟ್ಟಿದ ಕ್ಷಣದಿಂದ ಗಡಿಯಾರ ಓಡಲು ಶುರು.

ಮೂಗಿನಿಂದ ಶುರು ಮಾಡಿ

ವಾಪಸು ಬಂದ ಕವರನ್ನು ಸುಮ್ನೆ ಕತ್ತರಿಸಿ ಎಸೆಯಬೇಡಿ. ಅದು ನಿಮ್ಮ ಸಾಕ್ಷಿ. ಒಂದು ಚಮಚ ಪುಡಿಯನ್ನು ಸ್ಟೀಲ್ ಲೋಟಕ್ಕೆ ಹಾಕಿ, ಮೇಲೆ ಬಿಸಿ ನೀರು ಹೊಯ್ದು, ತಟ್ಟೆ ಮುಚ್ಚಿ ಒಂದು ನಿಮಿಷ ಬಿಡಿ. ತಟ್ಟೆ ಸರಿಸಿದ ಕೂಡಲೇ ಮೂಸಿ. ಬೆಳ್ಳುಳ್ಳಿ, ಖಾರದ ಘಾಟಿನ ಹಿಂದೆ ಅಡಗಿದ್ದು ಆಗ ಎದ್ದು ಬರುತ್ತದೆ.

ಪೇಂಟ್ ಡಬ್ಬಿಯ ವಾಸನೆ ಅಥವಾ ಮೀನಿನ ಕಡೆಗೆ ಹೋಗುವ ವಾಸನೆ ಬಂದರೆ ಅದು ಆಮ್ಲಜನಕದ ಕೆಲಸ. ಮುಂದಿನ ಹಂತಗಳೆಲ್ಲ ಇದಕ್ಕೇ. ಸೋಪಿನ ವಾಸನೆ ಬಂದರೆ ದಾರಿ ಬೇರೆ. ಕೊಬ್ಬರಿ ಹಾಕಿದ ಪುಡಿಯಲ್ಲಿ ತೇವ ಇದ್ದರೆ ಎಣ್ಣೆ ಒಡೆದು ಹೀಗಾಗುತ್ತದೆ, ಆಂಟಿಆಕ್ಸಿಡೆಂಟ್ ಇದಕ್ಕೆ ಉಪಯೋಗವಿಲ್ಲ, ತೇವ ಕಡಿಮೆ ಮಾಡಬೇಕು. ಮುಗ್ಗಲು ವಾಸನೆ ಬಂದರೆ ಬೂಷ್ಟು. ಶೇಂಗಾ ಇರುವ ಮಾಲಾದರೆ ರುಚಿ ಕೂಡ ನೋಡಬೇಡಿ, ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಇಡೀ ಬ್ಯಾಚ್ ತೆಗೆದುಹಾಕಿ. ವಾಸನೆ ಇಲ್ಲದೆ ಬರೀ ಕಹಿ ಇದ್ದರೆ ಹುರಿದದ್ದು ಜಾಸ್ತಿಯಾಗಿರಬಹುದು.

ಇಂಕಿನ, ಥಿನ್ನರಿನ ವಾಸನೆ ಬಂದರೆ ಖಾಲಿ ಕವರನ್ನು ಸೀಲ್ ಮಾಡಿ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮೂಲೆ ಕತ್ತರಿಸಿ ಮೂಸಿ. ಅದೇ ವಾಸನೆ ಬಂದರೆ ಪ್ರಿಂಟಿಂಗ್ ದ್ರಾವಕ ಸರಿಯಾಗಿ ಒಣಗಿಲ್ಲ. ದೂರು ನೇರ ಕವರಿನವರಿಗೆ ಹೋಗಲಿ.

ಗೋಡೆ ಪಕ್ಕದ ಚಮಚ, ನಡುವಿನ ಚಮಚ

ಇದು ನನಗೆ ಅತಿ ಹೆಚ್ಚು ದಾರಿ ತೋರಿಸಿದ ಪರೀಕ್ಷೆ. ಪ್ರಯಾಣ ಮಾಡದ, ಕದಡದ ಒಂದು ಕವರ್ ಬೇಕು. ನಿಮ್ಮ ಗೋದಾಮಿನಲ್ಲಿ ನಿಲ್ಲಿಸಿಟ್ಟ ಮಾದರಿ ಆಗಬಹುದು. ಬ್ಲೇಡಿನಿಂದ ಕವರಿನ ಒಂದು ಮುಖವನ್ನು ಉದ್ದಕ್ಕೆ ಸೀಳಿ ಬಿಡಿಸಿ. ಕವರಿಗೆ ಅಂಟಿಕೊಂಡಿರುವ ಪುಡಿಯನ್ನು ಒಂದು ಲೋಟಕ್ಕೆ ಕೆರೆದುಕೊಳ್ಳಿ. ನಟ್ಟನಡುವಿನಿಂದ ಒಂದು ಚಮಚ ಇನ್ನೊಂದಕ್ಕೆ. ಮೇಲಿನ ಸೀಲಿನ ಹತ್ತಿರದ್ದು ಮೂರನೆಯದಕ್ಕೆ. ಬಿಸಿ ನೀರು ಹಾಕಿ ಮೂಸಿ.

ಗೋಡೆ ಪಕ್ಕದ್ದು ಚೆನ್ನಾಗಿದ್ದು ನಡುವಿನದು ಕಮಟಿದ್ದರೆ ಕವರ್ ಕೆಲಸ ಮಾಡುತ್ತಿದೆ, ಆದರೆ ಅದರ ಔಷಧ, ಅಂದರೆ ಆಂಟಿಆಕ್ಸಿಡೆಂಟ್, ಒಳಗೆ ತಲುಪುತ್ತಿಲ್ಲ. ಗೋಡೆ ಪಕ್ಕದ್ದೇ ಮೊದಲು ಕೆಟ್ಟಿದ್ದರೆ ಗಾಳಿಯೋ ಬೆಳಕೋ ಕವರಿನ ಮೂಲಕವೇ ಒಳಬರುತ್ತಿದೆ. ಸೀಲಿನ ಹತ್ತಿರದ್ದು ಕೆಟ್ಟಿದ್ದರೆ ಸೋರಿಕೆ. ಮೂರೂ ಒಂದೇ ರೀತಿ ಕೆಟ್ಟಿದ್ದರೆ ಪುಡಿಯೇ ಕೆಟ್ಟು ಒಳಗೆ ಹೋಗಿರಬಹುದು, ಅಥವಾ ಪುಡಿಯ ನಡುವೆ ಸಿಕ್ಕಿಕೊಂಡ ಗಾಳಿಯೇ ಸಾಕಾಗಿರಬಹುದು. ಇವೆರಡನ್ನು ಬೇರೆ ಮಾಡಲು ಮುಂದಿನ ಪರೀಕ್ಷೆ.

ನಾಲ್ಕು ಗುಂಪಿನ ಪರೀಕ್ಷೆ

ಒಂದೇ ದಿನ ಕುಟ್ಟಿದ ಒಂದೇ ಪುಡಿಯನ್ನು ನಾಲ್ಕು ರೀತಿ ತುಂಬಿ, ಪ್ರತಿಯೊಂದರಲ್ಲೂ ಹತ್ತು ಹತ್ತು.

ಅ: ಈಗ ಬಳಸುವ ಆಂಟಿಆಕ್ಸಿಡೆಂಟ್ ಕವರ್.
ಆ: ಅದೇ ದಪ್ಪ, ಅದೇ ಪದರಗಳ, ಆದರೆ ಆಂಟಿಆಕ್ಸಿಡೆಂಟ್ ಇಲ್ಲದ ಕವರ್. ಕವರಿನವರನ್ನು ಕೇಳಿದರೆ ಕೊಡುತ್ತಾರೆ. ಇದಿಲ್ಲದೆ ಪರೀಕ್ಷೆಗೆ ಅರ್ಥವಿಲ್ಲ, ಪಟ್ಟು ಹಿಡಿದು ತರಿಸಿಕೊಳ್ಳಿ.
ಇ: ಅದೇ ಆಂಟಿಆಕ್ಸಿಡೆಂಟ್ ಕವರ್, ಒಳಗೆ ಆಮ್ಲಜನಕ ಹೀರುವ ಪೊಟ್ಟಣ.
ಈ: ಬಾಯಿವರೆಗೆ ಒತ್ತಿ ತುಂಬಿದ ಗಾಜಿನ ಬಾಟಲಿ, ಫ್ರಿಜ್ಜಿನಲ್ಲಿ.

ಮೊದಲ ಮೂರನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಇನ್‌ಕ್ಯುಬೇಟರ್ ಬೇಕಿಲ್ಲ. ಒಂದು ಮರದ ಪೆಟ್ಟಿಗೆ, ಹಳೆಯ ಕಾಲದ ಬಿಸಿಯಾಗುವ ಬಲ್ಬು, ಒಂದು ಥರ್ಮಾಮೀಟರ್ ಸಾಕು. ಕವರುಗಳನ್ನು ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಇಡಿ. ಇಲ್ಲದಿದ್ದರೆ ಬಲ್ಬಿನ ಬೆಳಕೇ ಎಣ್ಣೆ ಕೆಡಿಸಿ ಲೆಕ್ಕ ತಪ್ಪಿಸುತ್ತದೆ. ಪೆಟ್ಟಿಗೆಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ, ಬಲ್ಬಿಗೆ ಬಟ್ಟೆ, ಕಾಗದ ತಾಗಬಾರದು.

ವಾರಕ್ಕೊಂದರಂತೆ ತೆರೆಯಿರಿ. ಲೋಟಗಳಿಗೆ ನಂಬರ್ ಚೀಟಿ ಅಂಟಿಸಿ, ಯಾವುದು ಯಾವುದೆಂದು ಗೊತ್ತಿಲ್ಲದ ಮೂವರು ಮೂಸಲಿ. ಕವರ್ ಕೊಂಡವರ ಮೂಗು ಕವರಿನ ಪರವಾಗಿಯೋ ವಿರುದ್ಧವಾಗಿಯೋ ಮೊದಲೇ ತೀರ್ಮಾನ ಮಾಡಿರುತ್ತದೆ.

ಫ್ರಿಜ್ಜಿನ ಬಾಟಲಿಯೇ ಕಮಟಿದರೆ ತಪ್ಪು ಪುಡಿಯಲ್ಲಿದೆ. ಅ ಮತ್ತು ಆ ಒಟ್ಟೊಟ್ಟಿಗೆ ಕೆಟ್ಟು ಇ ಉಳಿದರೆ ಒಳಗಿನ ಆಮ್ಲಜನಕ ಕವರಿನ ಶಕ್ತಿ ಮೀರಿದೆ. ಅ, ಆ, ಇ ಮೂರೂ ಕೆಟ್ಟು ಬಾಟಲಿ ಚೆನ್ನಾಗಿದ್ದರೆ ಸೋರಿಕೆಯನ್ನು ಹುಡುಕಿ. ಅ ಉಳಿದು ಆ ಕೆಟ್ಟರೆ ಕವರ್ ಸರಿಯಾಗಿಯೇ ಇದೆ, ಅಂಗಡಿಯಲ್ಲಿ ಏನಾಗುತ್ತಿದೆ ನೋಡಿ.

ಪುಡಿಯಲ್ಲಿ ತಪ್ಪಿದ್ದರೆ

ಕಾಳು ಎಷ್ಟು ಹಳೆಯದು, ಒಡೆದ ಕಾಳು ಎಷ್ಟಿದೆ ನೋಡಿ. ಹುರಿದು ರಾತ್ರಿಯಿಡೀ ಹರವಿಟ್ಟು ಮರುದಿನ ಕುಟ್ಟುವ ಅಭ್ಯಾಸ ಇದ್ದರೆ ಬಿಡಿ. ಆರಿದ ಕೂಡಲೇ ಕುಟ್ಟಿ, ಅವತ್ತೇ ತುಂಬಿ. ಹಾಗಂತ ಬಿಸಿ ಬಿಸಿ ತುಂಬಬಾರದು. ಒಳಗೆ ಹಬೆ ಹನಿಯಾಗಿ ನಿಲ್ಲುತ್ತದೆ.

ಪಲ್ವರೈಸರ್, ಅಂದರೆ ಪುಡಿ ಮಾಡುವ ಯಂತ್ರದ ಬಗ್ಗೆ ಒಂದು ಪರೀಕ್ಷೆ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ತೆಳುವಾದ ಪ್ಲಾಸ್ಟಿಕ್ ಸುತ್ತಿ ಎರಡು ಕಿಲೋ ಪುಡಿಯಲ್ಲಿ ನಿಧಾನಕ್ಕೆ ಆಡಿಸಿ. ಹೊರತೆಗೆದು ಊದಿ. ಪುಡಿ ಹಾರಿಹೋಗುತ್ತದೆ, ಕಬ್ಬಿಣ ಇದ್ದರೆ ಕಪ್ಪು ಮೀಸೆಯಂತೆ ಅಂಟಿಕೊಂಡೇ ಇರುತ್ತದೆ. ಸವೆದ ಸುತ್ತಿಗೆಯಿಂದ, ಜಾಲರಿಯಿಂದ ಬರುವ ಈ ಕಬ್ಬಿಣ ತಿನ್ನುವವರಿಗೂ ಒಳ್ಳೆಯದಲ್ಲ, ಎಣ್ಣೆಗೂ ಅಲ್ಲ. ಕಬ್ಬಿಣ, ತಾಮ್ರ ಎರಡೂ ಎಣ್ಣೆ ಕಮಟುವ ವೇಗ ಹೆಚ್ಚಿಸುತ್ತವೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುರಿಯುತ್ತಿದ್ದರೆ ಅದನ್ನೂ ನಿಲ್ಲಿಸಿ.

ಚಕ್ಕುಲಿ, ಕೋಡುಬಳೆಯವರು ಬಾಣಲೆಯ ಎಣ್ಣೆ ನೋಡಬೇಕು. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಆಗುವ ವಸ್ತು) ಶೇಕಡಾ 25 ದಾಟಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರಿಂದ ಇದೆ. ನೊರೆ ಕಟ್ಟುವ ಕಪ್ಪು ಎಣ್ಣೆಯಲ್ಲಿ ಕರಿದದ್ದಕ್ಕೆ ಎಂಥ ಕವರ್ ಹಾಕಿದರೂ ದುಡ್ಡು ದಂಡ.

ಗಾಳಿಯ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಇದನ್ನು ಒಮ್ಮೆ ಮಾಡಿದ ಮೇಲೆ ನನಗೆ ಕವರಿನ ಮೇಲಿನ ಅನುಮಾನ ಎಷ್ಟೋ ಕಡಿಮೆಯಾಯಿತು.

200 ಗ್ರಾಂ ಪುಡಿ, ಅದರಲ್ಲಿ 60 ಗ್ರಾಂ ಎಣ್ಣೆ ಅಂತ ಇಟ್ಟುಕೊಳ್ಳಿ. ಪುಡಿಯ ಸಂದಿಯಲ್ಲಿ ಮತ್ತು ಮೇಲ್ಗಡೆ ಸೇರಿ 150 ಮಿಲಿಲೀಟರ್ ಗಾಳಿ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅಂದರೆ 31 ಮಿಲಿಲೀಟರ್ ಆಮ್ಲಜನಕ. ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪೆರಾಕ್ಸೈಡ್ ಅಂಕ 10ಕ್ಕೆ ಏರಲು ಬೇಕಾಗುವುದು ಎಷ್ಟು ಗೊತ್ತಾ? ಸುಮಾರು 7 ಮಿಲಿಲೀಟರ್. ಅಂದರೆ ಸೀಲ್ ಪಕ್ಕಾ ಇದ್ದರೂ, ಹೊರಗಿನಿಂದ ಒಂದು ಹನಿ ಗಾಳಿ ಬರದಿದ್ದರೂ, ನಾವೇ ಒಳಗೆ ಕೂಡಿಹಾಕಿದ ಗಾಳಿ ನಾಲ್ಕು ಪಟ್ಟು ಕೆಡಿಸುವಷ್ಟಿದೆ.

ಈಗ ಕವರಿನ ಕಡೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಕವರಿನ ಒಳಪದರ 50 ಮೈಕ್ರಾನ್ ಇದ್ದರೆ ಆ ಪದರದ ತೂಕ ಮೂರು ಗ್ರಾಂ ಒಳಗೇ. ಶೇಕಡಾ ಒಂದರಷ್ಟು ಆಂಟಿಆಕ್ಸಿಡೆಂಟ್ ಇದ್ದರೆ 28 ಮಿಲಿಗ್ರಾಂ. ಅದೂ ಪೂರ್ತಿ ಹೊರಬರುವುದಿಲ್ಲ. ಇಷ್ಟು ಸಣ್ಣ ಸೈನ್ಯವನ್ನು 31 ಮಿಲಿಲೀಟರ್ ಆಮ್ಲಜನಕದ ಎದುರು ನಿಲ್ಲಿಸಿ ಗೆಲ್ಲಬೇಕು ಎನ್ನುವುದು ನ್ಯಾಯವಲ್ಲ. ಗಾಳಿ ತೆಗೆಯಿರಿ, ಆಮೇಲೆ ಕವರಿನ ಬೆಲೆ ಗೊತ್ತಾಗುತ್ತದೆ.

ಗಾಳಿ ಹೊರಹಾಕಲು ಕವರಿಗೆ ನೈಟ್ರೋಜನ್ ಹೊಡೆಯುವವರು ಒಂದು ಗಮನಿಸಿ. ಚಿಪ್ಸ್ ಕವರಿನಲ್ಲಿ ಗಾಳಿ ಸುಲಭವಾಗಿ ಹೊರಹೋಗುತ್ತದೆ. ಪುಡಿಯಲ್ಲಿ ಹಾಗಲ್ಲ. ಮೇಲಿನ ಗಾಳಿ ಹೋಗುತ್ತದೆ, ಸಂದಿಯದು ಅಲ್ಲೇ ಕೂರುತ್ತದೆ, ಎರಡು ದಿನದಲ್ಲಿ ನಿಧಾನಕ್ಕೆ ಮೇಲೆ ಬರುತ್ತದೆ. ಅದಕ್ಕೇ ಆಮ್ಲಜನಕವನ್ನು ಪ್ಯಾಕ್ ಮಾಡಿದ ಕೂಡಲೇ ಅಳೆದರೆ ಸಾಲದು. ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ.

ಹೀರುವ ಪೊಟ್ಟಣ ಕೊಳ್ಳುವಾಗ ಒಣ ಪದಾರ್ಥಕ್ಕೆ ಅಂತ ಹೇಳಿ ಕೇಳಿ. ಕೆಲವು ಪೊಟ್ಟಣಗಳಿಗೆ ಆಹಾರದ ತೇವ ಬೇಕು, ಚಟ್ನಿಪುಡಿಯಲ್ಲಿ ಅವು ಸುಮ್ನೆ ಮಲಗಿರುತ್ತವೆ. ತಮ್ಮದೇ ತೇವ ಇಟ್ಟುಕೊಂಡ ಬಗೆಯೂ ಸಿಗುತ್ತದೆ, ಅದು ಬೇಕು. ದೊಡ್ಡ ಪ್ಯಾಕೆಟ್ ಒಡೆದು ಮೇಜಿನ ಮೇಲೆ ಹರವಿಕೊಂಡು ಕೂರಬೇಡಿ. ಕೈಗೆ ಬೆಚ್ಚಗಾದ ಪೊಟ್ಟಣ ಆಗಲೇ ಕೋಣೆಯ ಗಾಳಿಯನ್ನು ಹೀರುತ್ತಿದೆ ಎಂದರ್ಥ.

ಸೀಲ್

ಪುಡಿ ಘಟಕಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಮೊದಲನೆಯದು. ತುಂಬುವಾಗ ಪುಡಿಯ ಧೂಳು ಕವರಿನ ಬಾಯಿಗೆ ಅಂಟುತ್ತದೆ. ಬಿಸಿ ಪಟ್ಟಿ ಒತ್ತಿದಾಗ ಮೇಲೆ ನೋಡಲು ಸೀಲ್ ಚೆನ್ನಾಗಿಯೇ ಕಾಣುತ್ತದೆ. ನಡುವೆ ಕೂದಲೆಳೆಯಷ್ಟು ಕಾಲುವೆ ಉಳಿದಿರುತ್ತದೆ.

ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಂಡಿದರೆ ದೊಡ್ಡ ತೂತು ಗುಳ್ಳೆ ಬಿಡುತ್ತದೆ. ಸಣ್ಣದಕ್ಕೆ ಬಣ್ಣದ ಪರೀಕ್ಷೆ ಬೇಕು. ಕವರಿನ ಕೆಳಭಾಗ ಕತ್ತರಿಸಿ ಪುಡಿ ಖಾಲಿ ಮಾಡಿ, ಒಳಗೆ ಒರೆಸಿ. ಮೇಲಿನ ಸೀಲನ್ನು ಕೆಳಗೆ ಮಾಡಿ ಹಿಡಿದು, ಕೆಂಪು ಬಣ್ಣ ಮತ್ತು ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಒಳಗೆ ಸುರಿಯಿರಿ. ಹೊರಗೆ ಸೀಲಿನ ಅಂಚಿಗೆ ಬಿಳಿ ಟಿಶ್ಯೂ ಒತ್ತಿ ಐದು ನಿಮಿಷ ಕಾಯಿರಿ. ಟಿಶ್ಯೂ ಮೇಲೆ ಕೆಂಪು ಚುಕ್ಕೆ ಮೂಡಿದರೆ ಅಲ್ಲೇ ಕಾಲುವೆ.

ಕವರ್ ಬದಲಿಸಿದ ಮೇಲೆ ಸೀಲ್ ದುರ್ಬಲವಾಗಿದ್ದರೆ ಇನ್ನೊಂದು ಕಾರಣ ಇರಬಹುದು. ಒಳಪದರದ ಆಂಟಿಆಕ್ಸಿಡೆಂಟ್ ಮೇಲ್ಮೈಗೆ ಬಂದು ತೆಳುವಾಗಿ ಹರಡಿ ಸೀಲ್ ಕೂಡದಂತೆ ಮಾಡುತ್ತದೆ. ಕವರಿನ ಒಳಭಾಗವನ್ನು ಬೆರಳಿನಿಂದ ಉಜ್ಜಿ ನೋಡಿ. ಜಿಡ್ಡೋ ಬಿಳಿ ಪುಡಿಯೋ ಬಂದರೆ ಆ ರೋಲ್ ಪಕ್ಕಕ್ಕಿಡಿ.

ಕೊನೆಗೆ ಕವರ್

ಇಷ್ಟೆಲ್ಲ ಸರಿಯಿದ್ದೂ ಅ ಮತ್ತು ಆ ಒಂದೇ ಸಮ ಕೆಡುತ್ತಿದ್ದರೆ ಈಗ ಕವರನ್ನು ಕೇಳುವ ಹಕ್ಕು ನಿಮಗಿದೆ.

ಮೊದಲ ಪ್ರಶ್ನೆ: ಒಳಗೆ ಇರುವ ಆಂಟಿಆಕ್ಸಿಡೆಂಟ್ ಯಾರಿಗಾಗಿ? ಸಾಮಾನ್ಯವಾಗಿ ಪಾಲಿಥಿನ್‌ನಲ್ಲೂ ಪ್ಲಾಸ್ಟಿಕ್ ಕೆಡದಂತೆ ಸ್ವಲ್ಪ ಆಂಟಿಆಕ್ಸಿಡೆಂಟ್ ಹಾಕಿಯೇ ಇರುತ್ತಾರೆ. ಅದರ ಅಣು ದೊಡ್ಡದು, ಹೊರಬರುವುದು ಅತಿ ಕಡಿಮೆ, ಬರಲಿ ಎಂದು ಹಾಕಿದ್ದೂ ಅಲ್ಲ. "ನಮ್ಮ ಫಿಲ್ಮಿನಲ್ಲಿ ಆಂಟಿಆಕ್ಸಿಡೆಂಟ್ ಇದೆ" ಎನ್ನುವ ಮಾತು ಇದರ ಮಟ್ಟಿಗೂ ನಿಜವೇ. ಹೆಸರು ಏನು, ಯಾವ ಪದರದಲ್ಲಿ, ಎಷ್ಟು ಶೇಕಡಾ ಎಂದು ಬರವಣಿಗೆಯಲ್ಲಿ ಕೇಳಿ. ಆಹಾರಕ್ಕೆ ಇಳಿಯುವ ಅಂಶದ ಪರೀಕ್ಷಾ ವರದಿಯನ್ನೂ ಕೇಳಿ. ಒಟ್ಟು ಇಳಿಯುವಿಕೆ ಒಂದು ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು, ಐಎಸ್ 9845 ಎಂಬ ಭಾರತೀಯ ಮಾನದಂಡದ ಪ್ರಕಾರ ಪರೀಕ್ಷೆ ಆಗಿರಬೇಕು.

ಎರಡನೆಯದು: ಫಿಲ್ಮಿನ ಒಳಮುಖ ಹೊರಗಾಗಿದೆಯೇ? ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಥಿನ್ ಇರುವ ಕವರಿನಲ್ಲಿ ಇದು ಆಗದು, ಪಾಲಿಯೆಸ್ಟರ್ ಪಕ್ಕ ಸೀಲ್ ಆಗುವುದೇ ಇಲ್ಲ. ಆದರೆ ಪೂರ್ತಿ ಪಾಲಿಥಿನ್‌ನ ಮೂರು ಪದರದ ಫಿಲ್ಮಿನಲ್ಲಿ ಎರಡೂ ಪಕ್ಕ ಸೀಲ್ ಆಗುತ್ತವೆ. ರೋಲ್ ಉಲ್ಟಾ ಹಾಕಿದರೆ ಔಷಧ ಹೊರಗೆ, ಪುಡಿ ಒಳಗೆ.

ಮೂರನೆಯದು: ಈಗಲೂ ಶಕ್ತಿ ಉಳಿದಿದೆಯೇ? ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಡಿಪಿಪಿಎಚ್ ಪರೀಕ್ಷೆ ಮಾಡಿಕೊಡಲು ಕೇಳಿ. ಫಿಲ್ಮನ್ನು ಸಣ್ಣಗೆ ಕತ್ತರಿಸಿ ಒಂದು ದಿನ ಎಥನಾಲ್‌ನಲ್ಲಿ ನೆನೆಸಿ, ಆ ಎಥನಾಲನ್ನು ನೇರಳೆ ಬಣ್ಣದ ದ್ರಾವಣಕ್ಕೆ ಹಾಕುತ್ತಾರೆ. ಆಂಟಿಆಕ್ಸಿಡೆಂಟ್ ಇದ್ದರೆ ನೇರಳೆ ಕಳೆದು ಹಳದಿಯಾಗುತ್ತದೆ. ಪಕ್ಕದಲ್ಲಿ 'ಆ' ಗುಂಪಿನ, ಅಂದರೆ ಆಂಟಿಆಕ್ಸಿಡೆಂಟ್ ಸೇರಿಸದ, ಫಿಲ್ಮನ್ನೂ ಇಡಲೇಬೇಕು, ಪ್ಲಾಸ್ಟಿಕ್ಕಿನ ಸ್ವಂತದ್ದೂ ಸ್ವಲ್ಪ ಬಣ್ಣ ಕಳೆಯಬಹುದು. ಬಿಎಚ್‌ಟಿ ಇಲ್ಲಿ ನಿಧಾನ. ಹತ್ತು ನಿಮಿಷಕ್ಕೆ ತೀರ್ಪು ಕೊಡಬೇಡಿ, ಒಂದೆರಡು ಗಂಟೆ ಬಿಡಿ. ಬಣ್ಣ ಹೋಗದಿದ್ದರೆ ರೋಲಿನ ತಾರೀಖು ನೋಡಿ. ತಗಡಿನ ಶೆಡ್ಡಿನಲ್ಲಿ ವರ್ಷ ಕಳೆದ ರೋಲಿನಲ್ಲಿ, ಅದರಲ್ಲೂ ಆವಿಯಾಗುವ ಸಾರ ಹಾಕಿದ್ದರಲ್ಲಿ, ಉಳಿದಿರುವುದು ಸ್ವಲ್ಪವೇ.

ನಾಲ್ಕನೆಯದು ಗೋಡೆ ಮತ್ತು ನಡುವಿನ ಚಮಚದ ಮಾತು. ವಿಟಮಿನ್ ಇ ಆವಿಯಾಗುವುದಿಲ್ಲ, ತಾಗಿದ ಪುಡಿಗೆ ಮಾತ್ರ ಸಿಗುತ್ತದೆ. ಎಣ್ಣೆ, ತುಪ್ಪ, ಉಪ್ಪಿನಕಾಯಿಗೆ ಅದು ಸರಿ, ಒಣ ಪುಡಿಯ ನಡುವಿಗೆ ಅದು ಹೋಗದು. ಓರೆಗಾನೊ ಎಣ್ಣೆಯ ಕಾರ್ವಕ್ರಾಲ್ ಗಾಳಿಯಲ್ಲೇ ಹರಡಿ ಒಳಗೆ ತಲುಪುತ್ತದೆ. ಆದರೆ ಅದಕ್ಕೆ ದೊಡ್ಡಪತ್ರೆಯ ವಾಸನೆ. ಲವಂಗದ ಸಾರ ಹಾಕಿದರೆ ಲವಂಗದ್ದು. ಅಗಸಿ ಹಿಂಡಿಯಲ್ಲಿ ದೊಡ್ಡಪತ್ರೆ ಯಾರಿಗೂ ಬೇಡ. ಹಾಗಾಗಿ ಪುಡಿಗೆ ನನ್ನ ಸಲಹೆ: ಕವರನ್ನು ಸಣ್ಣದು, ಚಪ್ಪಟೆ ಮಾಡಿ. 100 ಗ್ರಾಮಿನ ಚಪ್ಪಟೆ ಕವರಿನಲ್ಲಿ ಫಿಲ್ಮಿಗೆ ತಾಗುವ ಪುಡಿಯ ಪಾಲು ಜಾಸ್ತಿ. ಆಂಟಿಆಕ್ಸಿಡೆಂಟನ್ನು ದುಪ್ಪಟ್ಟು ಮಾಡಿಸುವುದು ಪರಿಹಾರವಲ್ಲ. ವಿಟಮಿನ್ ಇ ಮಿತಿ ಮೀರಿದರೆ ತಾನೇ ಕಮಟುವುದಕ್ಕೆ ನೆರವಾಗುತ್ತದೆ.

ಅಂಗಡಿ ಮತ್ತು ಲ್ಯಾಬು

ಪಾರದರ್ಶಕ ಕಿಟಕಿ ಇರುವ ಕವರ್, ಬಿಸಿಲಿಗೆ ತೂಗುಹಾಕಿದ ಪ್ಯಾಕೆಟ್ಟುಗಳ ಸರ, ಏಪ್ರಿಲ್ ತಿಂಗಳ ಕಲಬುರಗಿ. ಇಷ್ಟು ಸಾಕು. ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ಕಿಟಕಿ ಬೇಡ, ಲೋಹದ ತೆಳು ಲೇಪ ಇರುವ ಮೆಟಲೈಸ್ಡ್ ಫಿಲ್ಮ್ ಇರಲಿ.

ಲ್ಯಾಬಿಗೆ ಕಳಿಸುವಾಗ ಪೆರಾಕ್ಸೈಡ್ ಅಂಕ ಒಂದನ್ನೇ ಕೇಳಬೇಡಿ. ಅದು ಮೊದಲು ಏರುತ್ತದೆ, ಎಣ್ಣೆ ಇನ್ನೂ ಕೆಟ್ಟಂತೆ ಇಳಿಯುತ್ತದೆ. ಮೂಗು ಮುಚ್ಚಿಕೊಳ್ಳುವ ಪುಡಿಗೆ ಚಂದದ ಅಂಕ ಬಂದ ವರದಿ ನಾನು ನೋಡಿದ್ದೇನೆ. ಜೊತೆಗೆ ಅನಿಸಿಡಿನ್ ಅಂಕವನ್ನೂ ಕೇಳಿ, ಅದು ನಂತರದ ಹಂತವನ್ನು ಹಿಡಿಯುತ್ತದೆ.

ಧಾರವಾಡದಲ್ಲಿ ಏನಾಯಿತು

ಫ್ರಿಜ್ಜಿನ ಬಾಟಲಿ ಚೆನ್ನಾಗಿತ್ತು. ಅ, ಆ, ಇ ಮೂರೂ ನಾಲ್ಕನೇ ವಾರಕ್ಕೆ ಪೇಂಟ್ ವಾಸನೆ ಹೊಡೆದವು. ಕೆಂಪು ನೀರಿನ ಪರೀಕ್ಷೆ ಮಾಡಿದಾಗ ಹತ್ತು ಕವರಿನಲ್ಲಿ ನಾಲ್ಕರ ಟಿಶ್ಯೂ ಮೇಲೆ ಚುಕ್ಕೆ ಮೂಡಿತು. ಅಕ್ಕ ಆ ಟಿಶ್ಯೂಗಳನ್ನು ಸಾಲಾಗಿ ಜೋಡಿಸಿ ಸುಮಾರು ಹೊತ್ತು ನೋಡಿದರು. ತುಂಬುವ ಲಾಳಿಕೆಗೆ ಕವರಿನ ಬಾಯಿ ದಾಟಿ ಒಳಗಿಳಿಯುವ ಉದ್ದ ಕೊಳವೆ ಬೆಸೆಸಿದೆವು. ಸೀಲ್ ಮಾಡುವ ಮುಂಚೆ ಒಣ ಬಟ್ಟೆಯಿಂದ ಬಾಯಿ ಒರೆಸಲು ಒಬ್ಬ ಹುಡುಗಿಯನ್ನು ಕೂರಿಸಿದರು. ಮತ್ತೆ ಪೆಟ್ಟಿಗೆ, ಬಲ್ಬು, ವಾರದ ಲೆಕ್ಕ.

ಈ ಸಲ 'ಆ' ಗುಂಪು ಐದನೇ ವಾರಕ್ಕೆ ಕೆಟ್ಟಿತು. 'ಅ' ಗುಂಪು ಅದಕ್ಕಿಂತ ಎರಡು ವಾರ ಜಾಸ್ತಿ ಬಂತು, ಆದರೆ ನಡುವಿನ ಚಮಚ ಆಗಲೇ ಮಂಕಾಗಿತ್ತು. ಇ ಮಾತ್ರ ಹತ್ತನೇ ವಾರಕ್ಕೂ ಹುರಿದ ಅಗಸಿಯ ಘಮವನ್ನೇ ಕೊಟ್ಟಿತು. ಈಗ ಅಗಸಿ ಮತ್ತು ಗುರೆಳ್ಳಿಗೆ 100 ಗ್ರಾಮಿನ ಚಪ್ಪಟೆ ಆಂಟಿಆಕ್ಸಿಡೆಂಟ್ ಕವರ್, ಒಳಗೆ ಹೀರುವ ಪೊಟ್ಟಣ, ಮೇಲೆ "ಪೊಟ್ಟಣ ತಿನ್ನಬೇಡಿ" ಎಂಬ ದಪ್ಪ ಅಕ್ಷರ. ಶೇಂಗಾ ಮತ್ತು ಎಳ್ಳಿನ ಪುಡಿಗೆ ಸಾದಾ ಮೆಟಲೈಸ್ಡ್ ಕವರ್. ಎಳ್ಳಿನಲ್ಲಿ ಅದರದೇ ಆಂಟಿಆಕ್ಸಿಡೆಂಟ್ ಇದೆ, ಅದಕ್ಕೆ ದುಬಾರಿ ಕವರ್ ಬೇಕಿಲ್ಲ. ಪ್ರತಿ ಬ್ಯಾಚಿನಿಂದ ಎರಡು ಕವರ್ ಆ ಮರದ ಪೆಟ್ಟಿಗೆಗೆ ಹೋಗುತ್ತವೆ, ಎರಡು ಟಿಶ್ಯೂ ಪರೀಕ್ಷೆಗೆ.